ಮೊದಲು ಕಥೆ, ಆಮೇಲೆ ಆತ್ಮಕಥೆ

ಕಥಾಸಂಕಲನವನ್ನು ನಾನು ಕಾದಂಬರಿಯ ಹಾಗೆ ಒಂದೇ ಉಸಿರಿಗೆ ಓದುವುದಿಲ್ಲ. ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಂಗಳೂರಿನಲ್ಲಿ. ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಒಂದು ಕಥೆ, ಅಷ್ಟೇ. ಹೆಚ್ಚಾಗಿ ಪಡುಬಿದ್ರಿ ದಾಟುವಾಗ ಮುಗಿಯುತ್ತದೆ. ಆಮೇಲೆ ಪುಸ್ತಕ ಬ್ಯಾಗಿಗೆ ಹೋಗುತ್ತದೆ. ಇನ್ನೊಂದು ಓದೋಣ ಅಂತ ಆಸೆಯಾದರೂ ತೆರೆಯುವುದಿಲ್ಲ. ಸುರತ್ಕಲ್ ಬರುವವರೆಗಾದರೂ ಅದೊಂದೇ ಕಥೆ ತಲೆಯಲ್ಲಿ ಓಡಾಡಬೇಕು.

ಆತ್ಮಕಥೆಗೆ ಮನೆಯೇ ಸರಿ. ರಾತ್ರಿ ಊಟ ಆದ ಮೇಲೆ ಪೆನ್ಸಿಲ್ ಹಿಡಿದು ಕೂರುತ್ತೇನೆ. ಇಸವಿಗೆ, ಪ್ರಶಸ್ತಿಗೆ ಗೆರೆ ಹಾಕುವುದಿಲ್ಲ. ಒಂದೇ ಸಲ ಬಂದು ಹೋಗುವ ಜನರ ಪಕ್ಕ ಗುರುತು ಹಾಕುತ್ತೇನೆ. ಇಷ್ಟು ವರ್ಷ ಕಳೆದರೂ ಇವರು ಯಾಕೆ ನೆನಪಿನಲ್ಲಿ ಉಳಿದರು ಅಂತ ಯೋಚಿಸಿದರೆ ಬರೆದವರ ಮನಸ್ಸು ಜಾಸ್ತಿ ಸಿಗುತ್ತದೆ.

ಭಾನುವಾರ ಸಂಜೆ ನಾವು ಕೆಲವರು ಒಬ್ಬರ ಮನೆಯಲ್ಲಿ ಸೇರುತ್ತೇವೆ, ಓದಿದ್ದನ್ನು ಹಂಚಿಕೊಳ್ಳಲು. ಅಲ್ಲಿ ನಾನು ಕಥೆಯ ಸಾರಾಂಶ ಹೇಳುವುದಿಲ್ಲ. ಒಂದು ಪ್ಯಾರಾ ಗಟ್ಟಿಯಾಗಿ ಓದಿ, ಅದು ನನ್ನನ್ನು ಎಲ್ಲಿ ಹಿಡಿದು ನಿಲ್ಲಿಸಿತು ಎಂದು ಹೇಳುತ್ತೇನೆ. ವೈದೇಹಿಯವರ ‘ಅಕ್ಕು’ ಕಥೆ ತೆಗೆದುಕೊಂಡ ದಿನ ಹೀಗೇ ಓದಲು ಶುರು ಮಾಡಿದ್ದೆ. ಕುಂದಾಪುರ ಕಡೆಯ ಅಕ್ಕ ಒಬ್ಬರು ಕೈ ಚಾಚಿದರು. "ಹೀಂಗ್ ಓದುದಲ್ಲ ಮಾರಾಯ್ತಿ, ಇಲ್ ಕೊಡ್." ಅವರ ಬಾಯಲ್ಲಿ ಕಥೆಯ ಕುಂದಾಪುರ ಕನ್ನಡದ ಮಾತುಗಳು ಬಂದಾಗ ಇಡೀ ಕೋಣೆ ಸುಮ್ಮನಾಯಿತು. ತಲೆ ಸರಿಯಿಲ್ಲ ಎಂದು ಮನೆಯವರೇ ಬದಿಗೆ ಸರಿಸಿದ ಹೆಂಗಸು ಅಕ್ಕು. ನಾನು ಓದುವಾಗ ಅವಳ ಮೇಲೆ ಕನಿಕರ ಬಂದಿತ್ತು. ಅಕ್ಕ ಓದುವಾಗ ಅವಳ ಸಿಟ್ಟು ಕೇಳಿಸಿತು. ಕರಾವಳಿಯ ಕಥೆಗಳನ್ನು ಆಯಾ ಊರಿನವರಿಂದಲೇ ಓದಿಸಬೇಕು ಎನ್ನುವುದು ಅವತ್ತಿನಿಂದ ನನ್ನ ಹಠ.

ರಂಗಕರ್ಮಿ ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನೂ ಗಟ್ಟಿಯಾಗಿಯೇ ಓದಬೇಕು. ಕಾರಂತರು ಹೇಳುತ್ತಾ ಹೋದದ್ದನ್ನು ವೈದೇಹಿ ಬರಹಕ್ಕೆ ಇಳಿಸಿದ ಆತ್ಮಕಥೆ ಅದು. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪೆನಿ ಸೇರಿದ ಬದುಕು. ಎದುರಿಗೆ ಕೇಳುವವರು ಒಬ್ಬರು ಕೂತಿದ್ದರೆ ಹೇಳುವವರು ಬೇರೆ ಥರ ಬಿಚ್ಚಿಕೊಳ್ಳುತ್ತಾರೆ, ಅಲ್ವಾ? ನನಗಂತೂ ಒಬ್ಬರೇ ಕೂತು ಬರೆದ ಎಷ್ಟೋ ಆತ್ಮಕಥೆಗಳಿಗಿಂತ ಇದು ಹತ್ತಿರ.

ಲೇಖಕಿ ಸಾರಾ ಅಬೂಬಕ್ಕರ್ ವಿಷಯದಲ್ಲಿ ಮಾತ್ರ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು, 2023ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವಾಗ ಅವರಿಗೆ 40 ದಾಟಿತ್ತು. ಅಷ್ಟು ವರ್ಷ ಅವರೊಳಗೆ ಏನೆಲ್ಲ ಕೂಡಿಕೊಂಡಿತ್ತು ಎಂದು ತಿಳಿಯಲು ಅವರ ಆತ್ಮಕಥೆ ‘ಹೊತ್ತು ಕಂತುವ ಮುನ್ನ’ ಬೇಕೇ ಬೇಕು. ಆದರೆ ಆತ್ಮಕಥೆ ಮೊದಲು ಓದಿದ ಗೆಳತಿಯೊಬ್ಬಳು ಅವರ ಒಂದೊಂದು ಕಥೆಗೂ "ಇದು ನಿಜವಾಗಿ ನಡೆದದ್ದಾ? ಇವಳು ಯಾರಿರಬಹುದು?" ಎಂದು ಹುಡುಕತೊಡಗಿದಳು. ಕಥೆಯಲ್ಲಿ ತಲಾಖ್ ಹೇಳಿಸಿಕೊಂಡು ಹೊಸ್ತಿಲಲ್ಲಿ ನಿಂತ ಹೆಣ್ಣು ಅವಳ ಕಣ್ಣಿಗೇ ಬೀಳಲಿಲ್ಲ. ಅವಳಿಗೆ ವಿಳಾಸ ಬೇಕಿತ್ತು. ನನಗೆ ಸಂಕಟವಾಯಿತು. ಲೇಖಕಿ ತನ್ನ ಬದುಕನ್ನು ದಾಟಿ ಎಷ್ಟೋ ಹೆಂಗಸರ ಪರವಾಗಿ ಬರೆದದ್ದನ್ನು ನಾವು ಮತ್ತೆ ಒಂದು ಮನೆಯ ಸುದ್ದಿ ಮಾಡಿಬಿಡುತ್ತೇವಲ್ಲ!

ಹಾಗಾಗಿ ನಮ್ಮ ಗುಂಪಿನಲ್ಲಿ ಈಗ ಅವರ ಕಥೆಗಳು ಕೈಯಿಂದ ಕೈಗೆ ಹೋಗುತ್ತಿವೆ. ಆತ್ಮಕಥೆಯ ಪ್ರತಿ ನನ್ನ ಬಳಿ ಇದೆ. ಕಥೆ ಮುಗಿಸಿ ಬಂದವರಿಗೆ ಅದನ್ನು ಕೊಡುತ್ತೇನೆ.