ಮಗ್ಗದ ಜಾಡು ಹಿಡಿದು ಮರ್ಗಿಲಾನಿಗೆ

ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟ್‌ಗೆ ಹೊರಟಿದ್ದೇನೆ ಅಂದಾಗ ನಮ್ಮ ಇಳಕಲ್‌ನಲ್ಲಿ ಎರಡು ಥರದ ಮಾತು ಬಂದವು. ವಯಸ್ಸಾದವರು, "ಶಾಸ್ತ್ರೀಜಿ ತೀರಿಕೊಂಡ ಊರಲ್ಲೇನು ಅದು?" ಅಂದರು. ಹುಡುಗರು ಹುಬ್ಬು ಹಾರಿಸಿ, "ಏನ್ರೀ ಕಾಕಾ, ಒಬ್ರೇ ಹೊಂಟೀರಿ?" ಅಂತ ನಕ್ಕರು. ದಿಲ್ಲಿಯಿಂದ ಗಂಡಸರೇ ಗುಂಪು ಕಟ್ಟಿಕೊಂಡು ಹೋಗುವ ಪ್ಯಾಕೇಜ್ ಟೂರ್‌ಗಳಿಂದ ಆ ಊರಿಗೆ ಅಂಟಿದ ಹೆಸರು ಅದು. ಮೂರನೆಯದೂ ಒಂದಿದೆ, ಟ್ರಾವೆಲ್ ಏಜೆಂಟರ ಗೋಡೆಯ ಪೋಸ್ಟರ್. ಸಮರ್ಕಂದದ ನೀಲಿ ಗುಮ್ಮಟ, ಎದುರಿಗೆ ಒಂದು ಒಂಟೆ, ಕೆಳಗೆ 'ರೇಷ್ಮೆ ದಾರಿ' ಅಂತ ಬರಹ.

ನಾವು ನೇಕಾರರು. ಮನೆಯಲ್ಲಿ ಈಗಲೂ ಕುಣಿಮಗ್ಗ ಇದೆ. ಆದರೆ ನಾನು ನೇಯುವುದಕ್ಕಿಂತ ಮಾರುವುದೇ ಜಾಸ್ತಿ. ರೇಷ್ಮೆ ದಾರಿ ಅಂದರೆ ನನ್ನ ತಲೆಗೆ ಒಂಟೆ ಬರುವುದಿಲ್ಲ. ಆ ರೇಷ್ಮೆ ಬಿಚ್ಚುವವರು ಯಾರು, ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳು) ಹೂಡುವವರು ಯಾರು, ಅವರಿಗೆ ಕೂಲಿ ಎಷ್ಟು ಸಿಗುತ್ತದೆ, ಇಂಥವೇ ಬರುತ್ತವೆ.

ಬೇರೆ ಊರಿಗೆ ಹೋಗುವಾಗ ನನ್ನ ಪದ್ಧತಿ ಒಂದೇ. ನೋಡುವ ಜಾಗಗಳ ಪಟ್ಟಿ ಮಾಡುವುದಿಲ್ಲ. ನನ್ನ ಕಸುಬನ್ನು ಅಲ್ಲಿ ಯಾರು ಮಾಡುತ್ತಾರೆ ಅಂತ ವಿಚಾರಿಸಿ ಅವರ ಬಾಗಿಲಿಗೆ ಹೋಗುತ್ತೇನೆ. ನೇಕಾರರ ಊರುಗಳಾದ ಪೋಚಂಪಳ್ಳಿಗೂ ಮಹೇಶ್ವರಕ್ಕೂ ಹೀಗೇ ಹೋಗಿದ್ದೆ. ರೈತರಾದರೆ ಹೊಲ ಹುಡುಕಬಹುದು, ಅಡುಗೆಯವರಾದರೆ ಅಡುಗೆಮನೆ, ಮಾಸ್ತರರಾದರೆ ಶಾಲೆ. ಪ್ರವಾಸಿಗನಾಗಿ ಹೋದರೆ ಜನ ನಿಮಗೆ ತೋರಿಸಬೇಕಾದ್ದನ್ನು ತೋರಿಸುತ್ತಾರೆ. ಕಸುಬಿನವನಾಗಿ ಹೋದರೆ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಂದ ಮಾತು ಬೇರೆ ದಿಕ್ಕಿಗೆ ಹೋಗುತ್ತದೆ.

ಉಜ್ಬೇಕಿಸ್ತಾನದ ಪೂರ್ವಕ್ಕೆ ಫರ್ಗಾನಾ ಕಣಿವೆ. ಬಾಬರ್ 1483ರಲ್ಲಿ ಹುಟ್ಟಿದ ಆಂದಿಜಾನ್ ಊರು ಇರುವುದು ಈ ಕಣಿವೆಯಲ್ಲೇ. ರೇಷ್ಮೆಗೆ ಹೆಸರಾದ ಮರ್ಗಿಲಾನ್ ಕೂಡ ಇಲ್ಲೇ. ಹೆಚ್ಚಿನ ಪ್ರವಾಸಿಗರು ಸಮರ್ಕಂದ, ಬುಖಾರಾ, ಖೀವಾ ನೋಡಿ ವಿಮಾನ ಹತ್ತುತ್ತಾರೆ. ನಾನು ವಸಂತದಲ್ಲಿ ಹೋದೆ. ಹಿಪ್ಪುನೇರಳೆ ಚಿಗುರಿ, ಹುಳು ಸಾಕುವ ಕಾಲ. ವೀಸಾ ಆನ್‌ಲೈನ್‌ನಲ್ಲೇ ಆಯಿತು. ಬ್ಯಾಗಿನಲ್ಲಿ ಒಂದು ಪೂರ್ತಿ ಇಳಕಲ್ ಸೀರೆ, ಮೈ-ಸೆರಗು ಕೂಡಿಸುವ ಕೊಂಡಿಯನ್ನು ಅರ್ಧ ಹಾಕಿ ಬಿಟ್ಟ ಒಂದು ತುಂಡು, ಕೊಡಲಿಕ್ಕೆ ಅಂತ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಖಣ ಹಗುರ, ಮಡಚಿದರೆ ಜಾಗವೇ ಬೇಡ, ಎಲ್ಲ ದೇಶದ ಹೆಂಗಸರಿಗೂ ಇಷ್ಟವಾಗುತ್ತದೆ. ಉಳಿದ ಜಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನಾನು ಮಾಂಸ ತಿನ್ನುವುದಿಲ್ಲ. ಆ ದೇಶದಲ್ಲಿ ಅದು ಸಣ್ಣ ಸಂಗತಿಯಲ್ಲ.

ತಾಷ್ಕೆಂಟಿನಿಂದ ಮರ್ಗಿಲಾನಿಗೆ ರೈಲಿದೆ. ಮೊದಲು ಈ ಕಣಿವೆಗೆ ರೈಲಿನಲ್ಲಿ ಹೋಗಬೇಕಾದರೆ ತಜಿಕಿಸ್ತಾನದ ನೆಲ ದಾಟಬೇಕಿತ್ತಂತೆ. 2016ರಲ್ಲಿ ಬೆಟ್ಟ ಕೊರೆದು 19 ಕಿಲೋಮೀಟರ್ ಸುರಂಗ ಮಾಡಿದ ಮೇಲೆ ದಾರಿ ತಮ್ಮ ದೇಶದ ಒಳಗೇ ಆಯಿತು.

ಊರಿನಲ್ಲಿ ಪ್ರವಾಸಿಗರಿಗೆ ತೆರೆದ ಯೋದ್ಗೋರ್ಲಿಕ್ ಅನ್ನುವ ರೇಷ್ಮೆ ಕಾರ್ಖಾನೆ ಇದೆ. ಗೂಡು ಕುದಿಸುವುದರಿಂದ ಬಟ್ಟೆಯಾಗುವ ತನಕ ಸಾಲಾಗಿ ತೋರಿಸುತ್ತಾರೆ. ಚೆನ್ನಾಗಿಯೇ ತೋರಿಸುತ್ತಾರೆ, ಹೋಗಿ ನೋಡಿ. ಆದರೆ ನನಗೆ ಕೆಲಸ ಆದದ್ದು ಮರುದಿನ, ಗೆಸ್ಟ್‌ಹೌಸಿನವರು ಹೇಳಿದ ಒಂದು ಓಣಿಯ ಮನೆ ಮಗ್ಗದಲ್ಲಿ.

ಅಲ್ಲಿ ನಾನು ಏನೂ ಕೇಳದೆ ಸೀರೆ ತೆಗೆದು ಕಟ್ಟೆ ಮೇಲೆ ಹಾಸಿದೆ. ಮಗ್ಗದಲ್ಲಿದ್ದ ಅಕ್ಕ ಇಳಿದು ಬಂದರು. ಐವತ್ತರ ಆಸುಪಾಸು, ತಲೆಗೆ ಹಿಂದಕ್ಕೆ ಗಂಟು ಹಾಕಿದ ಬಟ್ಟೆ. ಸೆರಗಿನ ಬಣ್ಣ ನೋಡಲೇ ಇಲ್ಲ ಅವರು. ಮೈ ಮತ್ತು ಸೆರಗು ಕೂಡುವ ಜಾಗಕ್ಕೇ ಕೈ ಹಾಕಿ, ಬಟ್ಟೆ ಮಗುಚಿ, ಹಿಂಬದಿ ನೋಡಿದರು. ಉಗುರಿನಲ್ಲಿ ಒಂದು ಎಳೆ ಎಬ್ಬಿಸಿ, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಬೆರಳಿನಲ್ಲೇ ಹಿಂಬಾಲಿಸಿದರು. ಕೊಂಡಿ ಸಿಕ್ಕಿತು. ಒಳಗೆ ಯಾರನ್ನೋ ಕೂಗಿದರು. ನಿಮಿಷದಲ್ಲಿ ಮನೆಯವರೆಲ್ಲ ಸುತ್ತ ನೆರೆದಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಳಕಲ್ ಸೀರೆಯಲ್ಲಿ ಮೈಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡೂ ಹಾಸಿನ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತೇವೆ. ತೋಪು ತೆನಿ ಅನ್ನುವ ನಮ್ಮ ಸೆರಗಿನ ಗುಟ್ಟೇ ಇದು. ಹಾಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಹೂಡಬೇಕು. ಅರ್ಧ ಕೊಂಡಿಯ ತುಂಡು ತೆಗೆದು ಕೈಯಲ್ಲಿ ಮಾಡಿ ತೋರಿಸಿದೆ. ಅಕ್ಕ ಫೋನಿನ ಅನುವಾದದಲ್ಲಿ ಕೇಳಿದ ಮೊದಲ ಪ್ರಶ್ನೆ: "ಇದಕ್ಕೆ ಕೂಲಿ ಎಷ್ಟು?" ಹೇಳಿದೆ. ಅವರ ದೇಶದ ಹಣ ಸೋಮ್‌ಗೆ ಲೆಕ್ಕ ಹಾಕಿ ಮುಖ ಕಿವುಚಿದರು. ಅವರದ್ದನ್ನೂ ಹೇಳಿದರು, ನಾನೂ ಮುಖ ಕಿವುಚಿದೆ. ಅವರ ಮಗ ರಷ್ಯಾಕ್ಕೆ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ. ನಮ್ಮ ಓಣಿಯ ಹುಡುಗರು ಬೆಂಗಳೂರು, ಗೋವಾ.

ಆಮೇಲೆ ಅವರ ಸರದಿ. ಅವರ ಆದ್ರಾಸ್ ಬಟ್ಟೆಗೆ ಹಾಸು ರೇಷ್ಮೆ, ಅಡ್ಡ ಎಳೆಯಾದ ಹೊಕ್ಕು ಹತ್ತಿ. ನೇಯುವ ಮೊದಲೇ ಹಾಸಿನ ಎಳೆಗಳಿಗೆ ಬಣ್ಣ ಕೂರಿಸುತ್ತಾರೆ. ಹಾಸನ್ನು ಚೌಕಟ್ಟಿಗೆ ಬಿಗಿದು, ಒಬ್ಬ ಅಜ್ಜ ಕಡ್ಡಿಯಿಂದ ಮಸಿಯ ಗೆರೆ ಎಳೆಯುತ್ತಾರೆ. ಅಳತೆ ಪಟ್ಟಿ ಇಲ್ಲ, ಕಾಗದದ ನಕ್ಷೆಯೂ ಇಲ್ಲ. ಬಣ್ಣ ತಾಗಬಾರದ ಕಡೆ ಬಿಗಿಯಾಗಿ ಕಟ್ಟುತ್ತಾರೆ. ಹಿಂದೆ ನೂಲಿನಲ್ಲಿ, ಈಗ ಅಂಟು ಟೇಪಿನಲ್ಲೂ. ಮೊದಲು ಹಳದಿಯಲ್ಲಿ ಅದ್ದುವುದು, ಬಿಚ್ಚಿ ಮತ್ತೆ ಕಟ್ಟುವುದು, ಕೆಂಪು, ಮತ್ತೆ ಕಟ್ಟುವುದು, ಕೊನೆಗೆ ಗಾಢ ಬಣ್ಣ. ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆ, ಮಂಜಿಷ್ಠದ ಬೇರು, ನೀಲಿ. ಹಿಂದೆ ನೀಲಿ ಅದ್ದುವ ಕೆಲಸ ಹೆಚ್ಚಾಗಿ ಯಹೂದಿಗಳ ಕೈಯಲ್ಲಿತ್ತು, ಕಾಯಿಸಿ ಅದ್ದುವ ಕೆಂಪು, ಹಳದಿ ಬಣ್ಣದ್ದು ತಾಜಿಕರದ್ದು. ನಮ್ಮಲ್ಲೂ ಬಣ್ಣದವರು ಬೇರೆ, ನೇಯುವವರು ಬೇರೆ ಇದ್ದರಲ್ವಾ, ಹಾಗೇ.

ಪೋಚಂಪಳ್ಳಿಯಲ್ಲೂ ಇಂಥದ್ದೇ ಕಟ್ಟು ನೋಡಿದ್ದೆ. ಅಲ್ಲಿನವರು ಹೂವಿನ ಅಂಚು ಚೊಕ್ಕ ಬರಲಿ ಅಂತ ಒದ್ದಾಡುತ್ತಾರೆ. ಇವರಿಗೆ ಅಂಚು ಕದಡಿದರೇ ಚೆಂದ. ಅಂಗಡಿಯಲ್ಲಿ ತೂಗಿದ ಸ್ಕಾರ್ಫ್ ನೋಡಿ ಇದು ಮೆಷಿನ್ ಪ್ರಿಂಟೋ ಕೈಕಟ್ಟೋ ಅಂತ ಗೊತ್ತಾಗದವರು ಬಟ್ಟೆ ಮಗುಚಿ ನೋಡಬೇಕು. ಪ್ರಿಂಟ್ ಆದರೆ ಹಿಂಬದಿ ಬಣ್ಣ ಮಂಕಾಗಿರುತ್ತದೆ. ಬಜಾರಿನಲ್ಲಿ ಪ್ರಿಂಟ್ ಮಾಲೇ ಜಾಸ್ತಿ, ಅದೂ ರೇಷ್ಮೆ ದಾರಿಯ ಹೆಸರಿನಲ್ಲೇ. ನಮ್ಮ ಇಳಕಲ್ ಹೆಸರಿನಲ್ಲಿ ಪವರ್‌ಲೂಮ್ ಸೀರೆ ಮಾರುವವರ ನೆನಪಾಯಿತು.

ಸೋವಿಯತ್ ಕಾಲದಲ್ಲಿ ಮನೆ ಮಗ್ಗಗಳ ಕೆಲಸವೆಲ್ಲ ದೊಡ್ಡ ಸರ್ಕಾರಿ ಮಿಲ್ಲುಗಳಿಗೆ ಹೋಗಿತ್ತು. 1991ರಲ್ಲಿ ದೇಶ ಸ್ವತಂತ್ರವಾದ ಮೇಲೆ ಹಳೆಯ ಕಸುಬುದಾರರನ್ನು ಹುಡುಕಿ ಮತ್ತೆ ಶುರು ಮಾಡಿದರು. ಮರ್ಗಿಲಾನಿನ ಕರಕುಶಲ ಕೇಂದ್ರ ಆದ್ರಾಸ್, ಪೂರ್ತಿ ರೇಷ್ಮೆಯ ಅಟ್ಲಾಸ್ ನೇಯ್ಗೆ ಉಳಿಸಿದ ಬಗೆಯನ್ನು ಯುನೆಸ್ಕೊ 2017ರಲ್ಲಿ ಮಾದರಿ ಕೆಲಸಗಳ ಪಟ್ಟಿಗೆ ಸೇರಿಸಿತು.

ಅಕ್ಕನ ತವರು ಪಕ್ಕದ ಹಳ್ಳಿ. ಅಲ್ಲಿಗೂ ಕರೆದುಕೊಂಡು ಹೋದರು. ಮನೆಯ ದೊಡ್ಡ ಕೋಣೆಯನ್ನು ರೇಷ್ಮೆ ಹುಳುಗಳಿಗೆ ಬಿಟ್ಟುಕೊಟ್ಟು ಮನೆಯವರು ಜಗಲಿಯಲ್ಲಿ ಮಲಗುತ್ತಿದ್ದರು. ಎಲೆ ಬಿಡಿಸುವುದಿಲ್ಲ, ರೆಂಬೆ ಸಮೇತ ಹಾಕುತ್ತಾರೆ. ರಾತ್ರಿ ಎದ್ದು ಹಾಕುವವರು ಹೆಂಗಸರೇ. ಹುಳು ಗೂಡು ಕಟ್ಟುವ ತನಕ ಇಡೀ ಮನೆಗೆ ನಿದ್ದೆ ಇಲ್ಲ.

ಆ ಮನೆಯಲ್ಲೇ ನನಗೆ ಚಹಾದ ಕೆಟಲಿನ ಕಥೆ ಗೊತ್ತಾಗಿದ್ದು. ಉಜ್ಬೇಕಿಸ್ತಾನಕ್ಕೆ ಹೋದವರು ಅದನ್ನು ನೋಡದೇ ಇರಲು ಸಾಧ್ಯವಿಲ್ಲ. ಗಾಢ ನೀಲಿ ಪಿಂಗಾಣಿ, ಮೇಲೆ ಬಿಳಿ ಹತ್ತಿ ಕಾಯಿ ಒಡೆದ ಚಿತ್ರ, ಬಂಗಾರದ ಗೆರೆ. ಕೆಟಲು, ಬಟ್ಟಲು, ತಟ್ಟೆ, ಎಲ್ಲದರ ಮೇಲೂ ಅದೇ. ಪ್ರವಾಸಿಗರು ಆಸೆಪಟ್ಟು ಕೊಳ್ಳುತ್ತಾರೆ. ಮನೆಯ ಯಜಮಾನರು ಚಹಾ ಸುರಿಯುತ್ತಿದ್ದರು. ಮೊದಲು ಬಟ್ಟಲಿಗೆ ಹಾಕಿ ಮೂರು ಸಲ ವಾಪಸ್ ಕೆಟಲಿಗೆ ಸುರಿದು, ಆಮೇಲೆ ಅರ್ಧ ಬಟ್ಟಲು ಕೊಡುತ್ತಾರೆ. ತುಂಬಿ ಕೊಟ್ಟರೆ ಕುಡಿದು ಬೇಗ ಹೊರಡು ಅಂದ ಹಾಗಂತೆ. ನಾನು ಹತ್ತಿಯ ಚಿತ್ರ ತೋರಿಸಿ, ನಮ್ಮ ಕಡೆಯೂ ಹತ್ತಿ ಬೆಳೆಯುತ್ತೇವೆ ಅಂದೆ.

ಅವರು ಬೆರಳ ತುದಿಗಳನ್ನು ತೋರಿಸಿದರು. ಅವರು ಶಾಲೆಯಲ್ಲಿದ್ದಾಗ ಸೆಪ್ಟೆಂಬರ್ ಬಂತೆಂದರೆ ಪಾಠ ಬಂದ್. ಮಕ್ಕಳು, ಮಾಸ್ತರರು, ಡಾಕ್ಟರುಗಳು ಎಲ್ಲರೂ ಹತ್ತಿ ಬಿಡಿಸಲು ಹೊಲಕ್ಕೆ. ಒಣಗಿದ ಕಾಯಿಯ ತುದಿ ಚುಚ್ಚಿ ಬೆರಳು ಒಡೆಯುತ್ತಿದ್ದವು. ದಿನದ ತೂಕ ತುಂಬದಿದ್ದರೆ ಬೈಗುಳ. ದೇಶ ಸ್ವತಂತ್ರವಾದ ಮೇಲೂ ಬಹಳ ವರ್ಷ ಇದು ನಿಲ್ಲಲಿಲ್ಲ. ಹೊರದೇಶದ ಬಟ್ಟೆ ಕಂಪನಿಗಳು ಉಜ್ಬೇಕ್ ಹತ್ತಿ ಬೇಡವೆಂದು ದೂರ ಇಟ್ಟಿದ್ದವು. ಆ ಬಹಿಷ್ಕಾರ ತೆಗೆದದ್ದು 2022ರಲ್ಲಿ. ಇದೇ ಹತ್ತಿಗಾಗಿ 1960ರ ದಶಕದಿಂದ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಹೊಲಗಳಿಗೆ ತಿರುಗಿಸಿದರು. ಜಗತ್ತಿನ ನಾಲ್ಕನೇ ದೊಡ್ಡ ಸರೋವರವಾಗಿದ್ದ ಅರಲ್ ಬತ್ತಿ, ಮೀನುಗಾರರ ಊರುಗಳು ಮರಳುಗಾಡಿನಲ್ಲಿ ಉಳಿದವು.

"ಹಾಗಿದ್ದರೂ ಈ ಕೆಟಲೇ ಯಾಕೆ ಇಟ್ಟುಕೊಂಡಿದ್ದೀರಿ?" ಅಂತ ಕೇಳಿದೆ. "ನನ್ನ ಅವ್ವನದ್ದು," ಅಂದು ಇನ್ನರ್ಧ ಬಟ್ಟಲು ಸುರಿದರು. ನಾನು ಅವರಿಗೆ ಬಾಗಲಕೋಟೆ ಕಥೆ ಹೇಳಿದೆ. ಕೃಷ್ಣೆಯ ಹಿನ್ನೀರಿಗೆ ಹಳೇ ಊರಿನ ಓಣಿಗಳು ಹೋಗಿದ್ದು, ಜನ ನವನಗರಕ್ಕೆ ಎದ್ದು ಬಂದಿದ್ದು. ಅವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

ಆ ಹಿನ್ನೀರು ನಿಲ್ಲಿಸಿದ ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಜಲಾಶಯಕ್ಕೂ ಅವರದೇ ಹೆಸರು. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಆ ರಾತ್ರಿ ಕಳೆಯುವಷ್ಟರಲ್ಲಿ ತೀರಿಕೊಂಡರು. ಅಲ್ಲಿ ಅವರ ಪ್ರತಿಮೆ ಇದೆ, ಹೋಗಿ ಕೈ ಮುಗಿದು ಬಂದೆ. ಅದೇ ವರ್ಷ ಏಪ್ರಿಲ್‌ನ ಭೂಕಂಪದಲ್ಲಿ ಹಳೇ ತಾಷ್ಕೆಂಟಿನ ಬಹುಭಾಗ ನೆಲಕ್ಕುರುಳಿತು. ಶಾಸ್ತ್ರಿಯವರು ನೋಡಿದ ಊರು ಈಗ ಹೆಚ್ಚು ಉಳಿದಿಲ್ಲ. ಅಗಲ ರಸ್ತೆ, ಸಾಲು ಮರ, ಸೋವಿಯತ್ ಅಪಾರ್ಟ್‌ಮೆಂಟುಗಳು ಆಮೇಲಿನವು.

ಸಮರ್ಕಂದವನ್ನೂ ಬಿಡಲಿಲ್ಲ. ರೆಗಿಸ್ತಾನ ಚೌಕದ ಮೂರು ಮದರಸಾಗಳಲ್ಲಿ ಕೊನೆಯದಾದ ತಿಲ್ಲಾ ಕೊರಿ ಮುಗಿದದ್ದು 1660ರಲ್ಲಿ. ನಮ್ಮ ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ವಿಜಯಪುರ ನೋಡಿ ಬೆಳೆದವರಿಗೆ ಗುಮ್ಮಟದ ಗಾತ್ರ ನೋಡಿ ಬೆರಗಾಗುವುದಿಲ್ಲ. ಬಣ್ಣಕ್ಕೆ ಮಾತ್ರ ಸೋಲಲೇಬೇಕು.

ಮದುವೆಯ ವಿಷಯ ಹೇಳಬೇಕು. ಮರ್ಗಿಲಾನಿನ ಅದೇ ಓಣಿಯಲ್ಲಿ ಮರುದಿನ ಮದುವೆಯ ಪುಲಾವ್. ಅಲ್ಲಿ ಮದುವೆ ಪುಲಾವನ್ನು ಗಂಡಸರು ಮಾಡುತ್ತಾರೆ, ನಸುಕಿನಲ್ಲೇ ಬಡಿಸುತ್ತಾರೆ. ಅದಕ್ಕೆ ಬೇಕಾದ ರಾಶಿ ಗಜ್ಜರಿಯನ್ನು ಹಿಂದಿನ ಸಂಜೆ ನೆರೆಹೊರೆಯವರು ಸೇರಿ ಹೆಚ್ಚುತ್ತಾರೆ. ನನ್ನ ಕೈಗೂ ಒಂದು ಚಾಕು ಬಂತು. ತುರಿಯುವ ಹಾಗಿಲ್ಲ, ಕಡ್ಡಿ ಕಡ್ಡಿಯಾಗಿ ಹೆಚ್ಚಬೇಕು. ದಪ್ಪವಾದರೆ ಪಕ್ಕದ ಅಜ್ಜ ಸುಮ್ನೆ ಎತ್ತಿಕೊಂಡು ಮತ್ತೆ ಸೀಳುತ್ತಿದ್ದರು. ಯಾರ ಮಗಳಿಗೆ ಎಲ್ಲಿ ಸಂಬಂಧ ನೋಡಿದ್ದಾರೆ, ಯಾರು ಮನೆ ಕಟ್ಟಲು ಸಾಲ ಮಾಡಿದ್ದಾರೆ, ಎಲ್ಲ ಅಲ್ಲೇ ತೀರ್ಮಾನ. ಒಬ್ಬರು ನಮಾಜಿಗೆ ಎದ್ದು ಹೋದರು, ಇನ್ನೊಬ್ಬರು ಮೂಲೆಯಲ್ಲಿ ವೋಡ್ಕಾ ಬಗ್ಗಿಸಿಕೊಂಡರು. ಇಬ್ಬರೂ ವಾಪಸ್ ಬಂದು ಅದೇ ಗಜ್ಜರಿ ಹೆಚ್ಚಿದರು.

ಅವರಿಗೂ ನಮ್ಮ ಬಗ್ಗೆ ಪೋಸ್ಟರ್ ಇದೆ. ಭಾರತದವನು ಅಂದ ತಕ್ಷಣ "ರಾಜ್ ಕಪೂರ್!" ಅಂತ ಅಜ್ಜಂದಿರು, "ಮಿಥುನ್!" ಅಂತ ಮಧ್ಯವಯಸ್ಸಿನವರು. ಒಂದು ಹಾಡು ಹೇಳು ಅಂತ ಗಂಟು ಬಿದ್ದರು. ನನಗೆ ಬರುವುದು ಭಜನೆ ಪದ, ಅದನ್ನೇ ಹೇಳಿದೆ. ನಸುಕಿನಲ್ಲಿ ಎಲ್ಲರೂ ಪುಲಾವ್ ತಿನ್ನುವಾಗ ನನಗೆ ಬಿಸಿ ನಾನ್, ಟೊಮೆಟೊ ಈರುಳ್ಳಿ ಹೆಚ್ಚಿದ್ದು, ಕುಂಬಳಕಾಯಿ ತುಂಬಿದ ಸಮೋಸಾ ಬಂದವು. ನಾನ್‌ಗೆ ಚಾಕು ತಾಗಿಸುವುದಿಲ್ಲ, ಕೈಯಲ್ಲೇ ಮುರಿಯಬೇಕು, ಬೋರಲು ಇಡಬಾರದು. ನನ್ನ ಶೇಂಗಾ ಚಟ್ನಿ ಆ ಪಂಕ್ತಿಯಲ್ಲಿ ಖಾಲಿಯಾಯಿತು. ಗುರೆಳ್ಳು ಯಾರಿಗೂ ಹಿಡಿಸಲಿಲ್ಲ.

ಹಾಸಿನ ಮೇಲೆ ಮಸಿಯ ಗೆರೆ ಎಳೆದ ಅಜ್ಜನ ಮೊಮ್ಮಗನಿಗೆ ಭಾರತಕ್ಕೆ ಬರುವ ಆಸೆ. ದಿಲ್ಲಿ, ಆಗ್ರಾ, ಜೈಪುರ ಅಂತ ಪಟ್ಟಿ ತೋರಿಸಿದ. ತಾಜ್ ಮಹಲ್ ನೋಡು, ಬೇಡ ಅನ್ನುವುದಿಲ್ಲ, ಆಮೇಲೆ ಸೊಲ್ಲಾಪುರದ ಕಡೆ ರೈಲು ಹತ್ತು ಅಂದೆ. ಬೇಸಿಗೆಯಲ್ಲಿ ಬೇಡ, ಸಂಕ್ರಾಂತಿಯ ಆಜುಬಾಜು ಬಾ, ಹೊಲದಲ್ಲಿ ಸೀತನಿ, ಅಂದರೆ ಸುಟ್ಟ ಹಸಿ ಜೋಳ, ಸಿಗುತ್ತದೆ. ಒಂದೇ ಷರತ್ತು: ಬಣ್ಣ ಕೂರಿಸಿದ, ಇನ್ನೂ ನೇಯದ ಆದ್ರಾಸ್ ಹಾಸು ಒಂದು ಗಜದಷ್ಟು ತರಬೇಕು. ನಮ್ಮ ಸೆರಗಿನ ಹಾಸಿನ ಬದಲು ಅದನ್ನು ಕೊಂಡಿ ಹಾಕಿ ನೇಯ್ದು ನೋಡುವ ಹುಚ್ಚು ನನಗೆ ಹಿಡಿದಿದೆ. ಎಳೆ ಅಷ್ಟು ಸಣ್ಣದಿದ್ದರೆ ಎಳೆ ಹಾಯಿಸುವ ಮಗ್ಗದ ಹಣಿಗೆ ಬದಲಿಸಬೇಕಾಗುತ್ತದೆ, ಅದರ ಖರ್ಚು ನೀವೇ ಕೊಡಬೇಕು ಅಂತ ನಮ್ಮ ಮನೆಯವರು ಈಗಲೇ ಹೇಳಿಟ್ಟಿದ್ದಾರೆ.