ಇನ್‌ಶರ್ಟ್ ಮಾಡುವಾಗ ತುರುಕಬೇಡಿ, ಮಡಚಿ

ಕ್ಯಾಂಪಸ್ ಸಂದರ್ಶನದ ದಿನ ಬೆಳಿಗ್ಗೆ ನಾನು ನಮ್ಮ ಕಾಲೇಜಿನ ಸೆಮಿನಾರ್ ಹಾಲ್ ಬಾಗಿಲಲ್ಲಿ ನಿಂತಿರುತ್ತೇನೆ. ಹುಡುಗರು ಒಬ್ಬೊಬ್ಬರಾಗಿ ಬರುತ್ತಾರೆ. ಶೂಗೆ ಪಾಲಿಶ್ ಆಗಿರುತ್ತದೆ, ತಲೆ ಬಾಚಿರುತ್ತಾರೆ, ಮಾರ್ಕ್ಸ್ ಕಾರ್ಡುಗಳನ್ನು ಫೈಲಿನಲ್ಲಿ ಜೋಡಿಸಿಕೊಂಡಿರುತ್ತಾರೆ. ಎದುರಿನಿಂದ ನೋಡಿದರೆ ಎಲ್ಲ ಚೆಂದ. ತಿರುಗಿದರೆ ಸೊಂಟದ ಮೇಲೆ ಶರ್ಟು ಪೂರಿ ಉಬ್ಬಿದ ಹಾಗೆ ಉಬ್ಬಿರುತ್ತದೆ. ಮನೆಯ ಕನ್ನಡಿಯಲ್ಲಿ ಎದುರು ಭಾಗ ಮಾತ್ರ ಕಾಣುತ್ತದೆ ಅಲ್ವಾ, ಬೆನ್ನು ಹೇಗಿದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ಎಷ್ಟೋ ಹುಡುಗರನ್ನು ಕಾರಿಡಾರಿನಲ್ಲೇ ನಿಲ್ಲಿಸಿ ಹೇಳಿಕೊಟ್ಟಿದ್ದೇನೆ. ಎರಡು ನಿಮಿಷದ ಕೆಲಸ ಇದು.

ಮೊದಲು ಶರ್ಟು ನೋಡಿ

ಎಲ್ಲ ಶರ್ಟೂ ಇನ್ ಮಾಡಲು ಆಗುವುದಿಲ್ಲ. ಕೆಳಗಿನ ಅಂಚು ಮುಂದೆ ಹಿಂದೆ ಉದ್ದವಾಗಿ, ಪಕ್ಕದಲ್ಲಿ ಮೇಲಕ್ಕೆ ಬಾಗಿದ್ದರೆ ಅದು ಇನ್ ಮಾಡುವ ಶರ್ಟು. ಹಿಂದಿನ ಕಾಲದಲ್ಲಿ ಯುರೋಪಿನ ಗಂಡಸರು ಶರ್ಟಿನ ಉದ್ದ ತುದಿಗಳನ್ನು ಕಾಲುಗಳ ನಡುವೆ ತಂದು ಒಳಚಡ್ಡಿಯಂತೆಯೂ ಬಳಸುತ್ತಿದ್ದರು. ಆ ಉದ್ದದಲ್ಲಿ ಸ್ವಲ್ಪ ಇವತ್ತಿಗೂ ಉಳಿದಿದೆ, ಒಳಗೆ ನಿಲ್ಲುವುದೂ ಅದರಿಂದಲೇ. ಅಂಚು ನೇರವಾಗಿದ್ದು ಪಕ್ಕದಲ್ಲಿ ಸೀಳು ಬಿಟ್ಟಿದ್ದರೆ ಅದನ್ನು ಹೊರಗೆ ಬಿಡಲೆಂದೇ ಹೊಲಿದಿರುತ್ತಾರೆ. ಸುಮ್ನೆ ಅದರ ಜೊತೆ ಗುದ್ದಾಡಬೇಡಿ.

ಉದ್ದ ನೋಡುವುದು ಸುಲಭ. ಶರ್ಟು ಹೊರಗೆ ಬಿಟ್ಟು ನೆಟ್ಟಗೆ ನಿಲ್ಲಿ. ಮುಂದೆ ಜಿಪ್ಪು ಪೂರ್ತಿ ಮುಚ್ಚಬೇಕು, ಹಿಂದೆ ಪ್ಯಾಂಟಿನ ಜೇಬು ಪೂರ್ತಿ ಮುಚ್ಚಬೇಕು. ಅಷ್ಟಿಲ್ಲದಿದ್ದರೆ ಯಾವ ಉಪಾಯ ಮಾಡಿದರೂ ಮಧ್ಯಾಹ್ನದೊಳಗೆ ಹೊರಗೆ ಬರುತ್ತದೆ.

ಆಮೇಲೆ ಸಡಿಲ. ಸೊಂಟದ ಹತ್ತಿರ ಎರಡೂ ಪಕ್ಕದ ಬಟ್ಟೆ ಚಿವುಟಿ ಹಿಡಿಯಿರಿ. ಒಂದೊಂದು ಕಡೆ ಎರಡು ಇಂಚಿಗಿಂತ ಜಾಸ್ತಿ ಕೈಗೆ ಬಂದರೆ ಟೈಲರ್ ಹತ್ತಿರ ಹೋಗಿ ಸೈಡ್ ಹಿಡಿಸಿ. ಕೆಲವರು ಬೆನ್ನಿಗೆ ಡಾರ್ಟ್ ಹಾಕಿಸುತ್ತಾರೆ, ಅಂದರೆ ಬಟ್ಟೆಯನ್ನು ಚೂಪಾಗಿ ಮಡಚಿ ಹೊಲಿಸಿ ಬಿಗಿ ಮಾಡಿಸುತ್ತಾರೆ. ನನಗದು ಇಷ್ಟವಿಲ್ಲ, ಕುಳಿತಾಗ ಬೆನ್ನು ಹಿಡಿದಂತಾಗುತ್ತದೆ. ಸೈಡ್ ಹಿಡಿಸುವುದೇ ಸರಿ.

ಬನಿಯನ್ ಒಳಚಡ್ಡಿಯೊಳಗೆ, ಶರ್ಟು ಅದರ ಹೊರಗೆ, ಎರಡರ ಮೇಲೆ ಪ್ಯಾಂಟು. ಈ ಕ್ರಮ ಬದಲಿಸಬೇಡಿ. ಶರ್ಟನ್ನೇ ಒಳಚಡ್ಡಿಯೊಳಗೆ ಸೇರಿಸಿದರೆ ಗಟ್ಟಿ ನಿಲ್ಲುತ್ತದೆ ಅಂತ ಹಾಸ್ಟೆಲಿನಲ್ಲಿ ಹೇಳಿಕೊಡುವವರಿದ್ದಾರೆ. ಬಗ್ಗಿದಾಗ ಎಲಾಸ್ಟಿಕ್ ಹೊರಗೆ ಕಾಣುತ್ತದೆ, ಸುತ್ತಲೂ ಸಣ್ಣ ನೆರಿಗೆ ಬೀಳುತ್ತದೆ. ಬೇಡ.

ಪಕ್ಕದ ಮಡಿಕೆ

ಎಲ್ಲರೂ ಎಡವುವುದು ಇಲ್ಲಿ. ಜಾಸ್ತಿ ಇರುವ ಬಟ್ಟೆಯನ್ನು ಬೆರಳಿನಿಂದ ಕೆಳಕ್ಕೆ ತುರುಕುತ್ತಾರೆ. ತುರುಕಿದ ಬಟ್ಟೆ ಒಳಗೆ ಉಂಡೆಯಾಗುತ್ತದೆ, ನಾಲ್ಕು ಹೆಜ್ಜೆ ನಡೆದರೆ ಮೇಲೆ ಬಂದು ಬೆನ್ನ ಮೇಲೆ ಉಬ್ಬುತ್ತದೆ. ಅದನ್ನು ಕೆಳಕ್ಕಲ್ಲ, ಹಿಂದಕ್ಕೆ ಕಳಿಸಬೇಕು.

ನನಗೆ ಇದನ್ನು ಕಲಿಸಿದವರು ಎನ್‌ಸಿಸಿ ಕ್ಯಾಂಪಿನ ಉಸ್ತಾದ್, ಅಂದರೆ ಡ್ರಿಲ್ ಕಲಿಸುವವರು. ಟರ್ನ್‌ಔಟ್, ಅಂದರೆ ಸಮವಸ್ತ್ರ ನೀಟಾಗಿದೆಯಾ ಅಂತ ನೋಡುವಾಗ ಅವರು ಮೊದಲು ನಮ್ಮ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಅವರ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶರ್ಟಿನ ಗುಂಡಿಗಳನ್ನೆಲ್ಲ ಹಾಕಿ. ಪ್ಯಾಂಟಿನ ಹುಕ್ಕು ಮತ್ತು ಜಿಪ್ಪು ಬಿಚ್ಚಿರಲಿ. ಪ್ಯಾಂಟು ಜಾರದಂತೆ ಕಾಲು ಅಗಲಿಸಿ ನಿಲ್ಲಿ. ಶರ್ಟನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಕೆಳಕ್ಕೆ ಎಳೆದು ಅಂಗೈಯಿಂದ ಸವರಿ.

ಈಗ ಕಂಕುಳಿಂದ ಕೆಳಗೆ ಇಳಿಯುವ ಪಕ್ಕದ ಹೊಲಿಗೆ ಹುಡುಕಿ. ಸೊಂಟದ ಮಟ್ಟದಲ್ಲಿ ಆ ಹೊಲಿಗೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಿರಿ. ಎರಡೂ ಕಡೆ, ಒಟ್ಟಿಗೆ. ಹಿಡಿದ ಬಟ್ಟೆಯನ್ನು ಅಡ್ಡಕ್ಕೆ, ರೆಕ್ಕೆ ಚಾಚಿದ ಹಾಗೆ ಹೊರಗೆ ಎಳೆಯಿರಿ. ಹೊಟ್ಟೆಯ ಮೇಲಿನ ಬಟ್ಟೆ ಬಿಗಿಯಾಗಿ ಸಪಾಟಾಗುತ್ತದೆ. ಇಲ್ಲೇ ಕನ್ನಡಿ ನೋಡಿ. ಗುಂಡಿಪಟ್ಟಿ ಮಧ್ಯದಲ್ಲೇ ಇದೆಯಾ? ಬಲಕ್ಕೆ ಜರುಗಿದ್ದರೆ ಬಲಗಡೆ ಜಾಸ್ತಿ ಎಳೆದಿದ್ದೀರಿ, ಸ್ವಲ್ಪ ಬಿಡಿ.

ಎಳೆದ ಆ ರೆಕ್ಕೆಯನ್ನು ಹಿಂದಕ್ಕೆ ಮಡಚಿ ಬೆನ್ನಿನ ಬಟ್ಟೆಯ ಮೇಲೆ ಮಲಗಿಸಿ. ಸೀರೆಯ ನೆರಿಗೆ ಒಂದರ ಮೇಲೊಂದು ಮಲಗುತ್ತದಲ್ಲ, ಹಾಗೆ. ಮಡಿಕೆ ಪಕ್ಕೆಲುಬಿನ ಹತ್ತಿರ ಏನೂ ಇಲ್ಲದಂತೆ ಶುರುವಾಗಿ ಸೊಂಟಕ್ಕೆ ಬರುವಾಗ ಅಗಲವಾಗಬೇಕು. ಎರಡೂ ಕಡೆಯ ಅಗಲ ಒಂದೇ ಇರಬೇಕು. ಮುಂದಕ್ಕೆ ಯಾವತ್ತೂ ಮಡಚಬೇಡಿ. ಮಡಿಕೆಯ ಅಂಚು ಎದುರಿನವರಿಗೆ ಕಾಣುತ್ತದೆ.

ಮಡಚಿದ ಮೇಲೆ ಕೈ ಬಿಡಬಾರದು. ಬಹಳ ಜನ ಇಲ್ಲೇ ಕೈ ತೆಗೆದು ಹುಕ್ಕು ಹುಡುಕುತ್ತಾರೆ, ಮಡಿಕೆ ಬಿಚ್ಚಿಹೋಗುತ್ತದೆ. ಎರಡೂ ಹೆಬ್ಬೆರಳುಗಳಿಂದ ಮಡಿಕೆಗಳನ್ನು ಸೊಂಟಕ್ಕೆ ಒತ್ತಿಹಿಡಿದು, ಉಳಿದ ಬೆರಳುಗಳಿಂದ ಪ್ಯಾಂಟಿನ ಪಟ್ಟಿಯನ್ನು ಹೊರಗಡೆಯಿಂದ ಹಿಡಿದು ಮೇಲಕ್ಕೆ ತನ್ನಿ. ಪಟ್ಟಿ ಮಡಿಕೆಯ ಮೇಲೆ ಕೂತ ನಂತರ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಜಾರಿಸಿ ತೆಗೆಯಿರಿ. ಮೊದಲ ಎರಡು ಮೂರು ಸಲ ತಪ್ಪುತ್ತದೆ. ಹಿಂದಿನ ರಾತ್ರಿಯೇ ಮಾಡಿ ನೋಡಿ, ಸಂದರ್ಶನದ ಬೆಳಿಗ್ಗೆ ಕಲಿಯಲು ಹೋಗಬೇಡಿ.

ಹೊಟ್ಟೆ ಸ್ವಲ್ಪ ಮುಂದಿದ್ದವರಿಗೆ ಪಕ್ಕದಲ್ಲಿ ಜಾಸ್ತಿ ಬಟ್ಟೆ ಸಿಗುವುದಿಲ್ಲ, ಉಳಿಯುವುದೆಲ್ಲ ಬೆನ್ನ ಕಡೆ. ಅಂಥವರು ಹೊಲಿಗೆಯಿಂದ ನಾಲ್ಕು ಬೆರಳು ಹಿಂದೆ ಚಿವುಟಿ ಮಡಚಿ. ಎದುರಿನ ಬಟ್ಟೆಯನ್ನು ಬಿಗಿಯಾಗಿ ಎಳೆಯಬೇಡಿ, ಗುಂಡಿಗಳ ನಡುವೆ ಬಾಯಿ ಬಿಡುತ್ತದೆ.

ಹುಕ್ಕು, ಜಿಪ್ಪು, ಬೆಲ್ಟು ಹಾಕಿ. ಶರ್ಟಿನ ಗುಂಡಿಪಟ್ಟಿಯ ಅಂಚು, ಬಕಲ್ಲಿನ ಅಂಚು, ಜಿಪ್ಪಿನ ಮೇಲಿನ ಪಟ್ಟಿ ಮೂರೂ ಒಂದೇ ಗೆರೆಯಲ್ಲಿರಲಿ.

ಕೊನೆಗೆ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಒಮ್ಮೆ ಎತ್ತಿ ಇಳಿಸಿ. ಅರ್ಧ ಇಂಚಿನಷ್ಟು ಬಟ್ಟೆ ತಾನಾಗಿ ಹೊರಗೆ ಬರುತ್ತದೆ. ಅದನ್ನು ಮತ್ತೆ ಒಳಗೆ ಎಳೆಯಬೇಡಿ. ಕೂರಲು, ಕೈ ಕುಲುಕಲು ಅಷ್ಟು ಸಡಿಲ ಬೇಕೇ ಬೇಕು. ಡ್ರಮ್ಮಿನ ಚರ್ಮದ ಹಾಗೆ ಬಿಗಿದುಕೊಂಡವರ ಶರ್ಟು ಕುರ್ಚಿಯಲ್ಲಿ ಕೂತ ಮೊದಲ ಸಲವೇ ಎದ್ದು ಬರುತ್ತದೆ.

ಲೋ ವೇಸ್ಟ್ ಪ್ಯಾಂಟಿನಲ್ಲಿ ಇಷ್ಟೆಲ್ಲ ಮಾಡಿದರೂ ದಂಡ. ಹೊಕ್ಕುಳಿಂದ ಎರಡು ಮೂರು ಬೆರಳು ಕೆಳಗೆ ನಿಲ್ಲುವ ಪ್ಯಾಂಟೇ ತೆಗೆದುಕೊಳ್ಳಿ. ಫಾರ್ಮಲ್ ಅಂತ ಅಂಗಡಿಯವರು ಕೊಟ್ಟರೂ ಹಾಕಿ ನೋಡದೆ ತರಬೇಡಿ.

ಕೊಳ್ಳಬೇಡಿ

ಶರ್ಟನ್ನು ಹಿಡಿದಿಡುವ ಎಲಾಸ್ಟಿಕ್ ಬೆಲ್ಟು ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಶರ್ಟಿನ ಮೇಲೆ, ಪ್ಯಾಂಟಿನ ಒಳಗೆ ಕಟ್ಟಿಕೊಳ್ಳುವಂಥದ್ದು. ನಾನೂ ತರಿಸಿದ್ದೆ. ಏಪ್ರಿಲ್ ಬಿಸಿಲಿಗೆ ಸೊಂಟದ ಸುತ್ತ ಬೆವರಿನ ಗೆರೆ ಬಿತ್ತು, ಮೂರನೇ ವಾರಕ್ಕೆ ಎಲಾಸ್ಟಿಕ್ ಜೋತುಬಿತ್ತು. ಶರ್ಟಿನ ತುದಿಯಿಂದ ಕಾಲುಚೀಲಕ್ಕೆ ಕ್ಲಿಪ್ ಹಾಕುವ ಪಟ್ಟಿ ಗಟ್ಟಿಯಾಗಿ ಹಿಡಿಯುತ್ತದೆ, ನಿಜ. ಪರೇಡಿನಲ್ಲಿ ನಿಲ್ಲುವವರಿಗೆ ಅದು ಸರಿ. ದಿನವಿಡೀ ಕುಳಿತು ಏಳುವವರಿಗೆ ತೊಡೆಗೆ ಎಳೆಯುತ್ತದೆ. ಸೇಫ್ಟಿ ಪಿನ್ನಂತೂ ಬೇಡವೇ ಬೇಡ, ಬಗ್ಗಿದರೆ ಬಟ್ಟೆ ಹರಿಯುತ್ತದೆ. ಇವೆಲ್ಲಕ್ಕಿಂತ ಒಳ್ಳೆಯದು ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ರಬ್ಬರ್ ಗೆರೆಗಳಿರುವ ಪಟ್ಟಿ. ಟೈಲರ್‌ಗೆ ಹೇಳಿದರೆ ಹೊಲಿದುಕೊಡುತ್ತಾರೆ.

ಬಸ್ಸಿನಲ್ಲಿ ನಿಂತು ಬರುವವರು ಮೇಲಿನ ಕಂಬಿ ಹಿಡಿಯಬೇಡಿ, ಆ ಕಡೆಯ ಶರ್ಟು ಪೂರ್ತಿ ಎದ್ದುಬರುತ್ತದೆ. ಸೀಟಿನ ಹಿಡಿ ಹಿಡಿದುಕೊಳ್ಳಿ. ಬೈಕಿನಲ್ಲಿ ಬರುವವರಿಗೆ ಮುಂದೆ ಬಾಗಿ ಬಾಗಿ ಹಿಂಭಾಗ ಮೇಲೇರಿರುತ್ತದೆ. ಹೇಗೆ ಬಂದರೂ ಹತ್ತು ನಿಮಿಷ ಮೊದಲು ತಲುಪಿ. ಶೌಚಾಲಯಕ್ಕೆ ಹೋಗಿ ಹುಕ್ಕು ಬಿಚ್ಚಿ, ಮಡಿಕೆಯನ್ನು ಮೊದಲಿಂದ ಮಾಡಿ. ಹೊರಗೆ ಬಂದು ಪಕ್ಕದಲ್ಲಿರುವ ಗೆಳೆಯನ ಕೈಗೆ ಮೊಬೈಲ್ ಕೊಟ್ಟು ನಿಮ್ಮ ಬೆನ್ನಿನ ಒಂದು ಫೋಟೊ ತೆಗೆಸಿ ನೋಡಿ. ಆಮೇಲೆ ಅವನ ಬೆನ್ನು ನೀವು ನೋಡಿ.