ಕೊಡಗಿನ ಊಟ ಬಿಡದೆ ಹೃದಯ ಕಾಪಾಡಿಕೊಳ್ಳುವುದು ಹೇಗೆ?

ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಬೇಕಾ? ಹೃದಯದ ಮಾತು ಬಂದರೆ ಕೊಡಗಿನವರು ಮೊದಲು ಕೇಳುವುದು ಇದನ್ನೇ. ಅದಕ್ಕೆ ಆಮೇಲೆ ಬರೋಣ. ಮೊದಲ ಕೆಲಸ ಅಡುಗೆಮನೆಯದ್ದಲ್ಲ.

ಬಿಪಿ, ಶುಗರ್ ನೋಡಿಸಿ

ಬಿಪಿ ಜಾಸ್ತಿ ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ತಲೆಸುತ್ತು ಬಂದ ಮೇಲೆ ನೋಡಿಸೋಣ ಎಂದು ಕಾಯಬೇಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಬಿಪಿ, ಶುಗರ್ ತಪಾಸಣೆ ಇದೆ. ಸಂತೆ ದಿನ ಏರು ಹತ್ತಿ ಬಂದು, ಒಂದು ಕಾಫಿ ಕುಡಿದು, ನೇರ ಹೋಗಿ ಕುರ್ಚಿಯಲ್ಲಿ ಕೂತರೆ ಲೆಕ್ಕ ತಪ್ಪುತ್ತದೆ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಲಿ. ಐದು ನಿಮಿಷ ಸುಮ್ನೆ ಕೂತು, ಮಾತಾಡದೆ ನೋಡಿಸಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಶುರುವಾದ ಮೇಲೆ ಬಿಪಿ ಸರಿಹೋಯಿತು ಎಂದು ನೀವೇ ನಿಲ್ಲಿಸಬೇಡಿ. ಸರಿಹೋಗಿದ್ದೇ ಮಾತ್ರೆಯಿಂದ ಅಲ್ವಾ?

ಈಗ ಊಟ

ಪಂದಿ ಕರಿ ಪೂರ್ತಿ ಬಿಡಬೇಕಿಲ್ಲ. ಹಬ್ಬಕ್ಕೆ, ನೆಂಟರು ಬಂದಾಗ ಇರಲಿ, ವಾರಕ್ಕೆ ನಾಲ್ಕು ಸಲ ಬೇಡ. ನೆಣ ಕಡಿಮೆ ಇರುವ ತುಂಡು ಕೇಳಿ ತನ್ನಿ. ಕರಿ ಆರಿದ ಮೇಲೆ ಮೇಲೆ ಗಟ್ಟಿಯಾಗುವ ಕೊಬ್ಬನ್ನು ಸೌಟಿನಲ್ಲಿ ತೆಗೆದುಬಿಡಿ. ಕಾಚಂಪುಳಿ (ಹಣ್ಣಿನಿಂದ ಮಾಡುವ ಕಪ್ಪು ಹುಳಿ) ಹಾಕಿದರೆ ಕೊಬ್ಬು ಕರಗುತ್ತದೆ ಎಂಬ ಮಾತನ್ನು ನಂಬಿ ಇನ್ನೊಂದು ಸೌಟು ಬಡಿಸಿಕೊಳ್ಳಬೇಡಿ. ಅದು ರುಚಿಗೆ, ಅಷ್ಟೆ. ಕಡಂಬುಟ್ಟು (ಅಕ್ಕಿ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ) ಹಬೆಯಲ್ಲಿ ಬೇಯುವುದರಿಂದ ಎಣ್ಣೆಯ ಚಿಂತೆ ಇಲ್ಲ. ಆದರೆ ಅಕ್ಕಿಯೇ ಆದ್ದರಿಂದ ಶುಗರ್ ಇದ್ದವರು ಎಣಿಸಿ ತಿನ್ನಬೇಕು.

ನನ್ನ ಪ್ರಕಾರ ನಮ್ಮಲ್ಲಿ ಮಾಂಸಕ್ಕಿಂತ ದೊಡ್ಡ ಕಳ್ಳ ಎಂದರೆ ಉಪ್ಪು. ದಿನಕ್ಕೆ 5 ಗ್ರಾಂ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕು. ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಒಣಗಿಸಿಟ್ಟ ಮಾಂಸ ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ.

ಕಾಫಿ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು: ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಎಣ್ಣೆಯಂಥ ಅಂಶ ಉಳಿಯುತ್ತದೆ. ಪೇಪರ್ ಫಿಲ್ಟರಿನಲ್ಲಿ ಸೋಸಿದರೆ ಅದರ ಹೆಚ್ಚಿನ ಪಾಲು ಹೋಗುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇರುವವರು ಬೆಲ್ಲದ ಕಾಫಿಯನ್ನೂ ಹಾಗೆ ಸೋಸಿ ಕುಡಿಯಬಹುದು.

ಬೀಡಿ, ಸಿಗರೇಟು ಬಿಡಿ. ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮದ್ಯವೂ ಬಿಪಿ ಏರಿಸುತ್ತದೆ.

ನಡಿಗೆ

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು. ಜೀಪಿನಲ್ಲಿ ತೋಟ ಸುತ್ತಿದ್ದು ಲೆಕ್ಕಕ್ಕಿಲ್ಲ. ಜಡಿಮಳೆಯ ತಿಂಗಳುಗಳಲ್ಲಿ ಜಗಲಿಯಲ್ಲೇ ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ.

ಎದೆನೋವು ಬಂದರೆ

ಎದೆ ಹಿಂಡಿದಂತಾಗುವುದು, ನೋವು ಎಡಗೈಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಉಬ್ಬಸ: ಇವು ಹೃದಯಾಘಾತದ ಲಕ್ಷಣಗಳು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಬರೀ ಸುಸ್ತು, ವಾಕರಿಕೆಯೂ ಇರಬಹುದು. ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ. ನೀವೇ ಗಾಡಿ ಓಡಿಸಬೇಡಿ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ದೊಡ್ಡಾಸ್ಪತ್ರೆಗೇ ಹೋಗೋಣ ಎಂದು ನೇರ ಹೊರಟರೆ ದಾರಿಯಲ್ಲೇ ಹೊತ್ತು ಕಳೆಯುತ್ತದೆ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಿದ್ದರೆ ಅಲ್ಲೇ ಕೊಟ್ಟು ಮುಂದೆ ಕಳಿಸಬಹುದು. ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕೆಂದೇ ಇರುವುದು. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ, ರಾತ್ರಿ ಹೊತ್ತೂ ಸಿಗುತ್ತದಾ ಎಂದು ಈ ವಾರವೇ ವಿಚಾರಿಸಿ, ಮನೆಯವರಿಗೆಲ್ಲ ಹೇಳಿಡಿ.